ಹಳೇ ನೂಲು ಹೆತ್ತಿತ್ತೇನ್ರೇ?

ನಮ್ಮ ಕನ್ನಡ ಟೀಚರ ಬಲಗೈ ಹೆಬ್ಬೆರಳು ಜಡ್ಡುಗಟ್ಟಿ ಹೊಳೆಯುತ್ತಿತ್ತು. ಚಾಕ್‌ಪೀಸನ್ನೂ ಅವರು ನೂಲಿನಂತೆ ಹೊಸೆಯುತ್ತಲೇ ಹಿಡಿಯುತ್ತಿದ್ದರು. ಬೋರ್ಡಿಗಿಂತ ಸೀರೆಯ ಮೇಲೇ ಪುಡಿ ಹೆಚ್ಚು. ಕಾಟನ್‌ಪೇಟೆಯ ನೇಕಾರರ ಮನೆಯ ಮಗಳು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದು, ಓದಿ, ಚಾಮರಾಜಪೇಟೆಯ ನಮ್ಮ ಶಾಲೆಗೆ ಸೇರಿದ್ದರು. ಬೆಳಿಗ್ಗೆ ಅಪ್ಪನ ಮಗ್ಗದ ಕೆಲಸಕ್ಕೆ ಕೈಜೋಡಿಸಿ, ಆಮೇಲೆ ನಡೆದೇ ಬರುತ್ತಿದ್ದರು. ಯಾರಾದರೂ "ಪಾಪ" ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಪಾಠದಲ್ಲಿ 'ಸಂತತಿ' ಬಂತು.

"ಹೆತ್ತ ಮಕ್ಕಳು, ಟೀಚರ್" ಅಂದೆ ನಾನು.

"ಹೆರೋ ಮಾತು ಎಲ್ಲಿದೆಯೇ ಅದ್ರಲ್ಲಿ? ಸಂಸ್ಕೃತದಲ್ಲಿ 'ತನ್' ಅಂದ್ರೆ ಚಾಚು, ಹರಡು. ನೂಲಿಗೆ ತಂತು ಅನ್ನೋದೂ ಅಲ್ಲಿಂದ್ಲೇ ಬಂದಿದ್ದು. ಕಡಿದುಹೋಗದ ಹಾಗೆ ಮುಂದಕ್ಕೆ ಚಾಚ್ಕೊಂಡು ಹೋಗೋದು, ಅದು ಸಂತತಿ."

ಮಾರನೆಯ ದಿನ ಮಗ್ಗದಿಂದ ನೂಲು ತಂದರು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳು ಮುಗಿಯುತ್ತ ಬಂದಾಗ ಅವುಗಳ ತುದಿಗಳನ್ನು ಬಿಚ್ಚಿ ಎಸೆಯುವುದಿಲ್ಲವಂತೆ. ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಸೇರಿಸಿ ಹೊಸೆಯುತ್ತಾರಂತೆ. ಹಾಗೇ ಹೊಸೆದು, ಎರಡೂ ಕಡೆಯಿಂದ ಜಗ್ಗಿ ತೋರಿಸಿ, "ಈ ಹೊಸ ನೂಲನ್ನ ಹಳೇ ನೂಲು ಹೆತ್ತಿತ್ತೇನ್ರೇ?" ಎಂದು ಕೇಳಿದರು.

ವರ್ಷಗಳ ಮೇಲೆ ನನ್ನ ಮಗಳ ತೊಟ್ಟಿಲು ಶಾಸ್ತ್ರಕ್ಕೆ ಅವರನ್ನು ಕರೆದೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಲೆಂದು ಅವರು ಎದ್ದಾಗ ನಮ್ಮ ಅತ್ತೆ ತೊಟ್ಟಿಲಿಗೆ ಅಡ್ಡ ಬಂದರು.

"ನೀವು ಬೇಡಿ. ಮಕ್ಕಳಿಲ್ದೋರು ಮುಟ್ಟಬಾರ್ದು."

ಟೀಚರು ತಲೆ ತಗ್ಗಿಸಲಿಲ್ಲ. ನನ್ನತ್ತ ಬೆರಳು ತೋರಿ, "ನಂಗೆ ಮಕ್ಕಳಿಲ್ವಾ ಅಂತ ಇವಳನ್ನ ಕೇಳಿ" ಅಂದರು.

ಅತ್ತೆಯೆದುರು ನಾನು ಎಂದೂ ದನಿ ಎತ್ತಿದವಳಲ್ಲ. ಅಂದು ಕೂಸನ್ನು ಎತ್ತಿ ಟೀಚರ ಕೈಗೆ ಕೊಟ್ಟು, "ಇವ್ರೇ ಹೇಳೋದು. ಇಲ್ದಿದ್ರೆ ನನ್ನ ಮಗೂಗೆ ಹೆಸರೇ ಬೇಡ" ಅಂದೆ. ಹೆಸರು ಅವರೇ ಹೇಳಿದರು. ಅತ್ತೆ ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟರು; ಬಿಡಲಿ ಎಂದುಕೊಂಡೆ.

ಟೀಚರು ತೀರಿಕೊಂಡ ದಿನ ಮಗಳನ್ನೂ ಕರೆದುಕೊಂಡು ಕಾಟನ್‌ಪೇಟೆಗೆ ಹೋದೆ. ಅವಳಾಗ ಒಂದನೇ ಕ್ಲಾಸು. ಬಾಗಿಲಲ್ಲಿ ಒಬ್ಬ ಹೆಂಗಸು, "ಪಾಪ, ಸಂತತಿ ಇಲ್ದೆ ಹೋದ್ರು" ಅನ್ನುತ್ತಿದ್ದಳು. ನನಗೂ ಮೈಯೆಲ್ಲ ಉರಿಯಿತು. ಮಗಳ ಕೈ ಹಿಡಿದುಕೊಂಡೇ ಆ ಹೆಂಗಸಿನ ಮುಂದೆ ಹೋಗಿ ನಿಂತೆ.

"ಕಣ್ಣು ಬಿಟ್ಟು ನೋಡಿ. ಇಬ್ಬರು ನಿಂತಿದ್ದೀವಿ."