ಗಾಜಿನೊಳಗಿನ ಸ್ತ್ರಾಯ್

ಇಜಾ ಹೊಳೆಯ ದಂಡೆಯ ಆ ಊರಿನಲ್ಲಿ ಯಾರೇ ಸತ್ತರೂ ಮೊದಲು ಕರೆ ಹೋಗುತ್ತಿದ್ದದ್ದು ಟೊಡೋಸಿಯಾಳಿಗೆ, ಪಾದ್ರಿಗೆ ಆಮೇಲೆ. ಹೆಣದ ತಲೆದೆಸೆಯಲ್ಲಿ ಕೂತು ಹಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸತ್ತವನು ಜುಗ್ಗನಾಗಿದ್ದರೆ ಅದನ್ನೂ ಹಾಡಿನಲ್ಲೇ ಸೇರಿಸಿಬಿಡುವಳು. ಮನೆಯವರು ಅಳುತ್ತಲೇ ನಗು ನುಂಗಿಕೊಳ್ಳಬೇಕಾಗುತ್ತಿತ್ತು. ಆದರೆ ಸ್ವಂತ ಮಗಳು ರಫಿಲಾ ಹತ್ತೊಂಬತ್ತನೆಯ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಾಗ ಅವಳ ಗಂಟಲಿನಿಂದ ಒಂದು ಸಾಲೂ ಹೊರಡಲಿಲ್ಲ.

ರಫಿಲಾಳ ಹಬ್ಬದ ಉಡುಪು ಪೆಟ್ಟಿಗೆಯಲ್ಲೇ ಉಳಿಯಿತು. ಊರಿನ ನಂಬಿಕೆಯಲ್ಲಿ, ಸತ್ತವರ ಉಡುಪನ್ನು ಜೀವಂತ ಮೈಯೊಂದಕ್ಕೆ ದಾನ ಕೊಡಬೇಕು, ಪಡೆದವರು ಭಾನುವಾರ ಭಾನುವಾರ ಉಟ್ಟು ಸವೆಸಬೇಕು. ಇಲ್ಲಿ ಸವೆದಷ್ಟು ಅಲ್ಲಿ, ಪರಲೋಕದಲ್ಲಿ, ಸತ್ತವರಿಗೆ ಮುಟ್ಟುತ್ತದೆ. ಇಲ್ಲವಾದರೆ ಸತ್ತವರು ಅಲ್ಲಿ ಬೆತ್ತಲೆ ನಿಂತಿರುತ್ತಾರೆ. ಟೊಡೋಸಿಯಾಳಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಏಳು ವರ್ಷ ಕೊಡಲು ಕೈ ಬರಲಿಲ್ಲ.

"ನನ್ನ ಮೊಮ್ಮಗಳು ಪಲಾಗ ಇದ್ದಾಳಲ್ಲೇ, ಅವಳಿಗೆ ಕೊಡು," ಎಂದು ನೆರೆಮನೆಯ ಹಾಫಿಯಾ ಎಷ್ಟೋ ಸಲ ಹೇಳಿದ್ದಳು.

"ನಿನ್ನ ಪಲಾಗ ರೇಷ್ಮೆ ಉಟ್ರೂ ಗೋಣಿಚೀಲ ಸುತ್ಕೊಂಡ ಹಾಗಿರ್ತಾಳೆ. ಹೋಗೇ."

ಆಗ ಬಂದವಳು ಲೆಟಿಷಿಯಾ. ಕ್ಲೂಜ್ ಪಟ್ಟಣದ ಓದಿದ ಹುಡುಗಿ; ಸಾವಿನ ಹಾಡುಗಳನ್ನು ಫ್ರೆಂಚಿಗೆ ಅನುವಾದ ಮಾಡುತ್ತ ಒಂದು ಪದದ ಬಳಿ ಎಡವಿ ನಿಂತಿದ್ದಳು.

"ಅತ್ತೆ, ದಿನಾ ಉಡೋದನ್ನ ನೀವು ಹಾಯ್ನೆ ಅಂತೀರಿ. ಹಾಡಿನಲ್ಲಿ ಮಾತ್ರ ಸ್ತ್ರಾಯ್ ಅಂತೀರಿ. ಎರಡೂ ಬಟ್ಟೇನೇ ಅಲ್ವಾ?"

"ಬಟ್ಟೆ ಅಂತ ಬರ್ಕೊಂಡು ಬಸ್ಸು ಹತ್ತು. ಇಷ್ಟಕ್ಕೆ ಅಷ್ಟು ದೂರದಿಂದ ಬಂದ್ಯಾ?"

ಹುಡುಗಿ ಬಸ್ಸು ಹತ್ತಲಿಲ್ಲ. ಮೂರು ವಾರ ಇದ್ದಳು. ಮೆಕ್ಕೆಜೋಳದ ಹೊಲದಲ್ಲಿ ಕಳೆ ಕಿತ್ತಳು, ಮುದ್ದೆಗೆ ಮೂಗು ಮುರಿಯಲಿಲ್ಲ. ಒಂದು ಮಧ್ಯಾಹ್ನ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಾಗ ಟೊಡೋಸಿಯಾ ತಾನಾಗಿಯೇ ಹೇಳಿದಳು.

"ಹಾಯ್ನೆ ಮೈ ಇದ್ದೋರಿಗೆ. ಮೈ ಹೋದ್ಮೇಲೂ ಉಡೋದು ಸ್ತ್ರಾಯ್. ಅದನ್ನ ತಾವೇ ಉಟ್ಕೊಳ್ಳೋಕಾಗಲ್ಲ, ಮಗಳೇ. ಇಲ್ಲಿರೋರು ಉಡಿಸ್ಬೇಕು."

ಲೆಟಿಷಿಯಾ ಪೆನ್ಸಿಲ್ ಕೆಳಗಿಟ್ಟು ಅತ್ತಳು. ಆ ಅಳು ಸುಳ್ಳಿರಲಿಕ್ಕಿಲ್ಲ; ಆಮೇಲೆ ನೆನೆದಾಗ ಸಂಕಟವಾಗುವುದೂ ಅದಕ್ಕೇ. ಟೊಡೋಸಿಯಾ ಕರಗಿಹೋದಳು. ಹುಡುಗಿಯ ಎತ್ತರವೂ ರಫಿಲಾಳದೇ. ಏಳು ವರ್ಷದ ಪೆಟ್ಟಿಗೆ ಅಂದು ತೆರೆಯಿತು. ಮೇಣದ ಬತ್ತಿ ಹಚ್ಚಿ, ರೊಟ್ಟಿಯ ಜೊತೆಗೆ ಉಡುಪನ್ನು ಅವಳ ಕೈಯಲ್ಲಿಟ್ಟು, "ಇಲ್ಲಿ ನೀನು ಉಡು, ಅಲ್ಲಿ ನನ್ನ ರಫಿಲಾ ಉಡಲಿ," ಎಂದಳು.

"ದೇವರು ಅವಳಿಗೆ ಮುಟ್ಟಿಸಲಿ," ಎಂದು ಲೆಟಿಷಿಯಾ ಕಲಿತ ಮಾತನ್ನು ತಪ್ಪಿಲ್ಲದೆ ಹೇಳಿದಳು. ಮರುದಿನ ಗೋರಿಯ ಬಳಿ ಟೊಡೋಸಿಯಾ ಮಗಳಿಗಾಗಿ ಮೊದಲ ಸಲ ಹಾಡಿದಳು. ಅಂದಿನಿಂದ ಭಾನುವಾರ ಚರ್ಚಿನಲ್ಲಿ ಗಂಟೆ ಬಡಿದಾಗಲೆಲ್ಲ, ಈಗ ಅಲ್ಲಿ ರಫಿಲಾ ಉಟ್ಟು ನಿಂತಿದ್ದಾಳೆ ಎಂದುಕೊಂಡು ಸಮಾಧಾನಪಟ್ಟಳು. ಹೀಗೆ ಎರಡು ವರ್ಷ.

ಎರಡು ವರ್ಷದ ಮೇಲೆ ಲೆಟಿಷಿಯಾ ಪುಸ್ತಕ ಹಿಡಿದು ಬಂದಳು. ರಟ್ಟಿನ ಮೇಲೆ ಒಂದು ಚಿತ್ರ: ಗಾಜಿನ ಹಿಂದೆ ತೋಳು ಚಾಚಿ ಗುಂಡುಸೂಜಿಯಲ್ಲಿ ನಿಲ್ಲಿಸಿದ ಅಂಗಿ. ಎಡ ಮಣಿಕಟ್ಟಿನಲ್ಲಿ ಕೆಂಪು ದಾರ ಮುಗಿದು ಕಪ್ಪು ಹಾಕಿದ ನಾಲ್ಕು ಹೊಲಿಗೆ. ಅದನ್ನು ಹಾಕಿದ ಟೊಡೋಸಿಯಾಳ ಕೈಗೆ ರಫಿಲಾಳ ಅಂಗಿಯ ಗುರುತು ಸಿಗದೆ ಇರುತ್ತದೆಯೇ?

"ಮ್ಯೂಸಿಯಮ್ಮಿನಲ್ಲಿದೆ ಅತ್ತೆ. ಪದಕ್ಕೆ ನೀವು ಹೇಳಿದ ಅರ್ಥಾನೇ ಹಾಕಿದೀನಿ, ಒಂದಕ್ಷರ ಬಿಟ್ಟಿಲ್ಲ. ಎಲ್ಲರೂ ಅದನ್ನೇ ಹೊಗಳ್ತಾರೆ."

"ಎಷ್ಟು ಭಾನುವಾರ ಉಟ್ಟೆ?"

ಹುಡುಗಿ ಪುಸ್ತಕದ ಮೂಲೆ ಸವರಿದಳು. "ಒಂದ್ಸಲ. ಫೋಟೋಗೆ."

"ಒಂದ್ಸಲ."

"ಉಟ್ರೆ ಹಾಳಾಗ್ತಿತ್ತು ಅತ್ತೆ. ಗಾಜಿನೊಳಗೆ ನೂರು ವರ್ಷ ಹಾಗೇ ಇರತ್ತೆ."

"ಹಾಳಾಗ್ಲಿ ಅಂತ್ಲೇ ಕೊಟ್ಟಿದ್ದು."

ತಿಳಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಆದರೆ ಇವಳಿಗೆ ಗೊತ್ತಿತ್ತು; ಅರ್ಥವನ್ನು ಅಚ್ಚುಹಾಕಿಸಿ ತಂದಿದ್ದಳು. ನನ್ನ ಮಗಳನ್ನು ಬೆತ್ತಲೆ ನಿಲ್ಲಿಸಿ ಆ ಮಾತನ್ನು ಮಾತ್ರ ಎತ್ತಿಕೊಂಡು ಹೋದಳಲ್ಲ ಎಂದುಕೊಂಡಳು ಟೊಡೋಸಿಯಾ.

"ವಾಪಸ್ ಕೊಡಿಸ್ತೀಯಾ?"

"ಅದು ಈಗ ನನ್ನ ಕೈಯಲ್ಲಿಲ್ಲ ಅತ್ತೆ. ಮ್ಯೂಸಿಯಮ್ಮಿಗೆ ಬರಕೊಟ್ಟಾಗಿದೆ."

"ಅತ್ತೆ ಅನ್ಬೇಡ. ನಿನ್ನ ಬಸ್ಸಿಗೆ ಹೊತ್ತಾಯ್ತು."

ಆ ಭಾನುವಾರ ಬೆಳಿಗ್ಗೆ ಟೊಡೋಸಿಯಾ ಇನ್ನೊಂದು ಪೆಟ್ಟಿಗೆ ತೆರೆದಳು. ತನ್ನ ಸಾವಿಗೆಂದು ನೇಯ್ದು, ಹೊಲಿದು, ಹದಿನೈದು ವರ್ಷದಿಂದ ಮಡಿಸಿಟ್ಟ ಉಡುಪು ಅದರಲ್ಲಿತ್ತು. ಬತ್ತಿ ಹಚ್ಚಿ, ರೊಟ್ಟಿ ಇಟ್ಟು, ಗೋಣಿಚೀಲ ಎಂದು ಜರೆದಿದ್ದ ಪಲಾಗಳ ಕೈಗೆ ರಫಿಲಾಳ ಹೆಸರು ಹೇಳಿ ಕೊಟ್ಟಳು.

ಪಲಾಗ ಅಲ್ಲೇ ಉಟ್ಟು ಚರ್ಚಿಗೆ ಹೊರಟಳು. ಉಡುಪು ಉದ್ದವಾಗಿ ಅಂಚು ಕೆಸರಿನಲ್ಲಿ ಎಳೆಯುತ್ತಿತ್ತು. ಎತ್ತಿಕೋ ಎನ್ನಲು ಹಾಫಿಯಾ ಬಾಯಿ ತೆರೆದಳು. ಟೊಡೋಸಿಯಾ ಅವಳ ರಟ್ಟೆ ಹಿಡಿದು ತಡೆದಳು.

"ನಾಳೆ ನೀನು ಹೋದಾಗ ನಿನಗೇನೇ ಉಡಿಸೋದು?" ಎಂದಳು ಹಾಫಿಯಾ, ಧ್ವನಿ ತಗ್ಗಿಸಿ.

"ದಿನಾ ಉಡೋ ಹಾಯ್ನೆ ಇದಾವಲ್ಲ," ಎಂದಳು ಟೊಡೋಸಿಯಾ. "ಅದನ್ನೇ ಉಡಿಸು."