ಗಾಡಿ ಇನ್ನ ಎಷ್ಟ ವರ್ಷ ಇಟ್ಕೋತೀರಿ?

ಎರಡು ವರ್ಷದ ಹಿಂದಿನ ಮಾತು. ಕಬ್ಬಿನ ಹಂಗಾಮು ಜೋರಾಗಿದ್ದ ಚಳಿಗಾಲ. ನಮ್ಮ ಯಜಮಾನರನ್ನು ವಾರಕ್ಕೆ ಎರಡು ಸಲ ರಬಕವಿಯಿಂದ ಜಮಖಂಡಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಗಾಡಿ ಓಡಿಸುತ್ತಿದ್ದವಳು ನಾನೇ. ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ, ನಕ್ಕವರಲ್ಲಿ ಒಬ್ಬರೂ ಬಂದು ಸ್ಟೇರಿಂಗ್ ಹಿಡಿಯಲಿಲ್ಲ.

ಗಾಡಿ ಹಳೆಯದು. ಹಿಂದೆ ದೊಡ್ಡ ಡಿಕ್ಕಿ ಇರುವ ಉದ್ದನೆಯ ಕಾರು. ಯಜಮಾನರು ಸೀರೆ ವ್ಯಾಪಾರಿ. ಆ ಡಿಕ್ಕಿಯಲ್ಲಿ ಸೀರೆಯ ಗಂಟುಗಳನ್ನು ತುಂಬಿಕೊಂಡು ಮುಧೋಳ, ಬೀಳಗಿಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ವ್ಯಾಪಾರ ನಿಂತಿತು, ಮನೆಯಲ್ಲಿದ್ದ ಸೀರೆಯ ಮಗ್ಗಗಳನ್ನು ಮಾರಿದೆವು, ಗಾಡಿ ಉಳಿಯಿತು. ಸಾಂಗ್ಲಿಯಲ್ಲಿರುವ ಮಗಳು ಫೋನಿನಲ್ಲಿ, "ಆ ಡಬ್ಬಾ ಮಾರಿಬಿಡಬೇ ಅವ್ವಾ, ಬಾಡಗಿ ಗಾಡಿ ಮಾಡ್ಕೊಂಡ ಹೋಗ್ರಿ" ಎನ್ನುತ್ತಿದ್ದಳು. ಅವಳಿಗೇನು ಗೊತ್ತು. ಯಂತ್ರದಿಂದ ಎದ್ದ ಮೇಲೆ ಅವರಿಗೆ ಬಿಪಿ ಇಳಿಯುತ್ತಿತ್ತು, ತಲೆ ಎತ್ತಲು ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಮಲಗಿಸಿ, ವಾಕರಿಕೆ ಬಂದಲ್ಲಿ ನಿಲ್ಲಿಸಿ, ಬಾಯಿ ತೊಳೆಸಿ ಕರೆತರಬೇಕು. ಬಾಡಿಗೆಯವನ ಮುಖ ನೋಡುತ್ತಾ ಅದನ್ನೆಲ್ಲ ಮಾಡಲಾದೀತೇ?

ಟೈರಿನ ಚಿಂತೆ ಶುರುವಾದದ್ದು ಒಂದು ಸಂಜೆ. ಜಮಖಂಡಿಯಿಂದ ಬರುವಾಗ ಹಿಂದಿನ ಗಾಲಿ ಕೂತುಬಿಟ್ಟಿತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿಯಿಲ್ಲ. ಒಂದರ ಹಿಂದೆ ಒಂದು ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಯಾರೋ ಒಬ್ಬ ಆಟೋದವನು ಪುಣ್ಯಾತ್ಮ, ಗಾಲಿಯನ್ನು ಒಯ್ದು ಪಂಕ್ಚರ್ ಹಾಕಿಸಿ ತಂದ. ತಂದವನೇ, "ಅಕ್ಕಾರ, ಇದಕ್ಕ ಇನ್ನ ಪಂಕ್ಚರ್ ಹಾಕಾಕ ಜಾಗಾ ಇಲ್ಲಂತರಿ. ನಾಲ್ಕೂ ಬದ್ಲಿ ಮಾಡ್ಬೇಕಂತ" ಎಂದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಕಾಯಿಲೆ ಬಿದ್ದಾಗ ಆ ನೇಮವನ್ನು ಎಷ್ಟೋ ಸಲ ಮುರಿದಿದ್ದೇನೆ, ಅವರು ಒಮ್ಮೆಯೂ ಮುರಿದವರಲ್ಲ. ಬೆಳಗಿನಿಂದ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿರಲಿಲ್ಲ. ಮನೆಗೆ ಬಂದು ಬಿಸಿ ರೊಟ್ಟಿ ತಾಟಿಗೆ ಹಾಕಿ ಮುಂದೆ ಇಟ್ಟೆ.

"ಒಂದ ತುತ್ತ ತಿನ್ರಿ. ಜಡ್ಡಿನ ಮನಷ್ಯಾಗ ದೇವ್ರು ಕಣ್ಣ ಮುಚ್ಚಿಕೊಳ್ತಾನ" ಎಂದೆ.

"ಅಂವ ಮುಚ್ಚಿಕೊಳ್ಳಲಿ. ನನ್ನ ಕಣ್ಣ ತೆರದಾವಲ್ಲ" ಎಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನ ಬೆಳಿಗ್ಗೆ ಗಂಜಿ ಕುಡಿದು ಲೋಟ ಕೆಳಗಿಡುತ್ತಾ, "ಈ ವಾರ ಜಮಖಂಡಿ ಬ್ಯಾಡ, ಪದ್ಮಾ" ಎಂದರು. ಅದಕ್ಕೂ ಮೊದಲು ಒಂದೆರಡು ಸಲ ಹಾಗೆ ಅಂದಿದ್ದರು, ನಾನು ಗದರಿಸಿ ಎಬ್ಬಿಸಿದ್ದೆ. ಆದರೆ ಆ ದಿನ ಹೇಳಿದ ರೀತಿ ಬೇರೆಯಿತ್ತು. ಸಾಕಾಗಿದೆ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಕೇಳಿಸಿತು. ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಬಿಟ್ಟರೆ ಹೆಚ್ಚು ದಿನ ಇರುವುದಿಲ್ಲ ಎಂದು. ಗಾಡಿಯದೊಂದು ನೆಪ ಅವರ ಕೈಗೆ ಸಿಗಬಾರದು, ಮೊದಲು ಟೈರು ಹಾಕಿಸಬೇಕು ಎಂದು ನಿಶ್ಚಯ ಮಾಡಿದೆ. ಮಂದಿಗೆ ನಗು ಬರಬಹುದು. ನನಗೆ ಆಗ ಹಿಡಿದುಕೊಳ್ಳಲು ಸಿಕ್ಕದ್ದು ಅದೊಂದೇ.

ಹೇಗೋ ಒಪ್ಪಿಸಿ ಜಮಖಂಡಿಗೆ ಕರೆದುಕೊಂಡು ಹೋದೆ. ಅವರು ಯಂತ್ರದ ಪಕ್ಕ ಮಲಗಿದ್ದಾಗ ನಾನು ಟೈರಿನ ಅಂಗಡಿಗಳನ್ನು ತಿರುಗಿದೆ. ಆ ಅಳತೆಯ ಟೈರು ಈಗಿನ ಗಾಡಿಗಳಿಗೆ ಬರುವುದಿಲ್ಲವಂತೆ. ಒಂದು ಕಡೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು ತೋರಿಸಿದರು. ಇನ್ನೊಂದು ಕಡೆ ಕೊಲ್ಹಾಪುರದಿಂದ ಬಂದ ಬಳಸಿದ ಟೈರು, ಕರಿ ಪಾಲಿಶ್ ಬಳಿದು ಮಿರಿಮಿರಿ ಮಿಂಚುತ್ತಿತ್ತು. ಸೀರೆಯವರ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದೇನೆ, ತೆಳು ಸೀರೆಗೆ ಗಂಜಿ ಹಾಕಿ ದಪ್ಪ ಮಾಡಿ ಮಾರುವುದನ್ನು ನೋಡಿದ್ದೇನೆ. ಬೆರಳಿಗೆ ಸೆರಗು ಸುತ್ತಿಕೊಂಡು ಉಜ್ಜಿದೆ. ಪಾಲಿಶ್ ಹೋಗಿ ಕೆಳಗೆ ಸಣ್ಣ ಸಣ್ಣ ಸೀಳು ಕಂಡವು. ಅಂಗಡಿಯವನು ನನ್ನ ಸೆರಗು ನೋಡಿ ಬೇಜಾರು ಮಾಡಿಕೊಂಡ. ಸೀರೆ ನನ್ನದು, ಬೇಜಾರು ಅವನಿಗೆ. ಕೊನೆಗೆ ಒಬ್ಬರು, ಮುಧೋಳದಲ್ಲಿ ಒಂದು ಅಂಗಡಿಯಲ್ಲಿ ಆ ಅಳತೆ ಸಿಗುತ್ತದೆ ಎಂದು ಹೇಳಿದರು.

ಡಯಾಲಿಸಿಸ್ ಇಲ್ಲದ ದಿನ ನೋಡಿ ಮುಧೋಳಕ್ಕೆ ಹೊರಟೆ. "ನನ್ನ ಗಾಡೀಗೆ ಟೈರ್ ತಗೋಳಾಕ ನಾ ಬ್ಯಾಡೇನು?" ಎಂದು ಅವರೂ ಕೋಟು ಹಾಕಿಕೊಂಡು ಬಂದರು. ಬಹಳ ದಿನದ ಮೇಲೆ ಅವರು ಕೋಟು ಹಾಕಿದ್ದು. ನನಗೆ ಸ್ವಲ್ಪ ಜೀವ ಬಂದಂತಾಯಿತು.

ಅಂಗಡಿಯವನು ಮೂವತ್ತೈದರ ಆಸುಪಾಸಿನವನು, ಮಾತಿನಲ್ಲಿ ಚುರುಕು. ಇವರಿಗೆ ಸ್ಟೂಲ್ ಕೊಟ್ಟು ಕೂರಿಸಿದ. ಮೂರು ತರಹದ್ದು ಮುಂದೆ ಉರುಳಿಸಿದ. ಒಂದು ಬಳಸಿದ್ದು. ಒಂದು ಹೊಸದು, ಹೆಸರು ಕೇಳಿರದ ಕಂಪನಿಯದು. ಇನ್ನೊಂದು ಹೆಸರಾದ ಕಂಪನಿಯದು, ಐದು ವರ್ಷ ಬಾಳುವಂಥದ್ದು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವಂಥದ್ದು. ಆಮೇಲೆ ಆ ಪ್ರಶ್ನೆ ಕೇಳಿದ.

"ಸಾವ್ಕಾರ್ರ, ಗಾಡಿ ಇನ್ನ ಎಷ್ಟ ವರ್ಷ ಇಟ್ಕೋತೀರಿ, ಅದನ್ನ ಮೊದಲ ಹೇಳ್ರಿ. ಒಂದೆರಡ ವರ್ಷದಾಗ ಮುಗಸಾವ್ರಿದ್ರ ಛಲೋ ಟೈರಿಗೆ ರೊಕ್ಕ ಹಾಕೂದು ದಂಡ."

ಅವನದೇನೂ ತಪ್ಪಿಲ್ಲ, ಬಂದವರಿಗೆಲ್ಲ ಕೇಳುವುದನ್ನೇ ಕೇಳಿದ. ಇವರು ನಕ್ಕರು.

"ಗಾಡೀದ ಕೇಳಾಕತ್ತಿಯೋ, ನಂದ ಕೇಳಾಕತ್ತಿಯೋ?"

"ಎರಡೂ ಒಂದಽ ಅಲ್ರಿ?" ಎಂದು ಅವನೂ ನಕ್ಕ.

"ಹಂಗಾದ್ರ ಒಂದ ವರ್ಷ. ಅಗ್ಗಂದ ಹಾಕು."

"ಐದ ವರ್ಷ" ಎಂದೆ ನಾನು.

"ಒಂದ ಸಾಕು."

"ಐದ ಅಂದ್ನೆಲ್ಲ."

ಗಂಡ ಹೆಂಡತಿ ಸಂತೆಯಲ್ಲಿ ಚೌಕಾಸಿ ಮಾಡಿದಂತೆ ಮಾಡಿದೆವು. ಅಂಗಡಿಯವನಿಗೆ ಮೋಜೆನಿಸಿತು. "ಹೋಗ್ಲಿ, ಇಬ್ರೂ ಮೂರಕ್ಕ ಮುಗಸ್ರಿ" ಎಂದ.

"ಮೂರ ನೀ ಕೊಡ್ತಿಯೇನಪಾ?" ಇವರು ತಲೆಯೆತ್ತಿ ಕೇಳಿದರು.

"ಹೂಂರಿ, ಮೂರ ವರ್ಷ ಗ್ಯಾರಂಟಿ ನಂದು."

ಯಾವ ಡಾಕ್ಟರೂ ನಮಗೆ ಆ ಮಾತು ಹೇಳಿರಲಿಲ್ಲ. ಅವನ ಬಾಯಿಂದ ಕೇಳಿ ನನಗೆ ಅಳು ಉಕ್ಕಿ ಬಂತು. ಅಳುವ ಬದಲು ಸಿಟ್ಟು ಮಾಡಿದೆ. ಅದು ನನ್ನ ಚಾಳಿ.

"ಹುಟ್ಟಿದಾಗಿಂದ ಮಂದಿಗೆಲ್ಲ ಬಾಳಿಕಿ ನೋಡ್ರಿ, ರೊಕ್ಕ ನೋಡಬ್ಯಾಡ್ರಿ ಅಂತ ಸೀರಿ ಮಾರಿದವ್ರು ನೀವು. ಈಗ ನೀವಽ ಅಗ್ಗಂದ ಬೇಡಾಕತ್ತೀರಲ್ಲ. ನಾಚಿಕಿ ಬರೂದಿಲ್ಲೇನ್ರಿ?"

ಇವರು ಎದ್ದು, ಬೆಲೆ ಹೆಚ್ಚಿನ ಆ ಟೈರಿನ ಮೇಲೆ ಅಂಗೈ ಆಡಿಸಿದರು, ಸೀರೆಯ ಮೈ ನೋಡುವಾಗ ಆಡಿಸುವ ಹಾಗೆ. ನನ್ನನ್ನು ಒಂದಷ್ಟು ಹೊತ್ತು ನೋಡಿದರು.

"ಆತು. ಇವನ್ನಽ ಹಾಕು. ನಾಲ್ಕೂ" ಎಂದರು.

ಮಗ್ಗ ಮಾರಿದ ದುಡ್ಡಿನಲ್ಲಿ ಉಳಿದಿದ್ದನ್ನು ಕೊಟ್ಟುಬಿಟ್ಟೆ. ಕೊಡುವಾಗ ಕೈ ಹಿಂಜರಿಯಲಿಲ್ಲ. ಐದು ವರ್ಷದ ಟೈರಿಗೆ ಹೂಂ ಅಂದವರು ಐದು ವರ್ಷ ಇರುತ್ತೇನೆ ಅಂದ ಹಾಗೆಯೇ ಎಂದು ನನ್ನ ಲೆಕ್ಕ. ಹಳೆಯ ಟೈರು ಬಿಚ್ಚಿ ಹೊಸವು ಹಾಕುವವರೆಗೂ ಅಲ್ಲೇ ನಿಂತು ನೋಡಿದೆ. ನನಗೆ ಅಷ್ಟು ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ವಾಪಸು ಬರುವಾಗ ಇವರು ಹಿಂದೆ ಮಲಗಲಿಲ್ಲ, ಮುಂದೆ ನನ್ನ ಪಕ್ಕ ಕೂತರು. ಗಾಡಿ ಎಣ್ಣೆ ಹಚ್ಚಿದ ಹಾಗೆ ಓಡುತ್ತಿತ್ತು. ನಾನು ಬಾಯಿ ಮುಚ್ಚಲೇ ಇಲ್ಲ. ಸಾಂಗ್ಲಿಗೆ ಮಗಳ ಮನೆಗೆ ಹೋಗೋಣ ಎಂದೆ, ಮತ್ತೆ ಸ್ವಲ್ಪ ಸೀರೆ ತಂದು ಮನೆಯಲ್ಲೇ ಕೂತು ಮಾರೋಣ ಎಂದೆ. ಅವರು ಹೂಂ, ಹೂಂ ಎನ್ನುತ್ತಿದ್ದರು. ಮಹಾಲಿಂಗಪುರ ದಾಟಿದ ಮೇಲೆ, "ನೀವು ಛಲೋವಕ್ಕಽ ಒಪ್ಪಿದ್ರಿ ನೋಡ್ರಿ, ನನಗ ಭಾಳ ಸಮಾಧಾನ ಆತು" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ನಾಳೆ ನೀ ಒಬ್ಬಾಕಿನಽ ಓಡಾಡ್ಬೇಕಲ್ಲ, ಪದ್ಮಾ. ದಾರ್ಯಾಗ ಗಾಲಿ ಹೋದ್ರ ಯಾರ ಬರ್ತಾರ? ಅದಕ್ಕ ಛಲೋವು ಇರ್ಲಿ ಅಂದೆ."

ನಾನು ಗಾಡಿ ನಿಲ್ಲಿಸಲಿಲ್ಲ. ತಿರುಗಿಸಿಕೊಂಡು ಮುಧೋಳಕ್ಕೆ ಹೋಗಿ, ಈ ನಾಲ್ಕನ್ನೂ ಬಿಚ್ಚಿ ನಮ್ಮ ಸವೆದ ಟೈರುಗಳನ್ನೇ ಹಾಕಿಕೊಡಪ್ಪಾ ಎಂದು ಆ ಅಂಗಡಿಯವನ ಕಾಲು ಹಿಡಿಯಬೇಕು ಅನ್ನಿಸಿತು. ಅವರು ಕಣ್ಣು ಮುಚ್ಚಿ ಸೀಟಿಗೆ ತಲೆ ಆನಿಸಿದ್ದರು. ಹೇಳಬೇಕಾದ್ದು ಹೇಳಿ ಹಗುರಾದವರಂತೆ ಇದ್ದರು. ಆ ಭಾರವೆಲ್ಲ ನನ್ನ ಮೇಲೆ ಬಂದು ಕೂತಿತ್ತು.

ಆಮೇಲೆ ಕೆಲವು ವಾರ ಜಮಖಂಡಿಗೆ ಬಂದರು. ಹೊಸ ಟೈರಿನ ಗಾಡಿಯಲ್ಲಿ ನಾವು ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ, ಒಂದು ದಿನವೂ ಅವರ ಊಟ ತಪ್ಪಲಿಲ್ಲ. ಒಂದು ಬೆಳಿಗ್ಗೆ "ಬ್ಯಾಡ" ಎಂದರು. ಗದರಿಸಿದೆ, ಕಣ್ಣೀರು ಹಾಕಿದೆ, ಮಗಳನ್ನು ಕರೆಸಿದೆ. ಅವರು ನನ್ನ ಕೈ ಹಿಡಿದುಕೊಂಡರೇ ಹೊರತು ಏಳಲಿಲ್ಲ. ಯುಗಾದಿಗೆ ಅವರು ಇರಲಿಲ್ಲ.

ಗಂಡ ನಿನ್ನ ಬಗ್ಗೆ ಎಷ್ಟು ಯೋಚನೆ ಮಾಡಿದ್ದ ನೋಡು, ನೀನು ಪುಣ್ಯವಂತೆ ಎಂದು ಇದನ್ನು ಕೇಳಿದವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಅಂಗಡಿಯಲ್ಲಿ ಅವರಿಗಾಗಿ ಐದು ವರ್ಷ ಕೇಳಿದೆ, ಅವರು ಅದನ್ನು ನನ್ನ ಹೆಸರಿಗೆ ಮಾಡಿ ಹೋದರು. ನನಗೇಕೆ ಬೇಕಿತ್ತು ಅದು? ಮಗಳು ಈಗಲೂ ಗಾಡಿ ಮಾರು ಎನ್ನುತ್ತಾಳೆ. ಬೇರೆಯವರು ಅದರಲ್ಲಿ ಕೂತು ಓಡಾಡುವುದನ್ನು ನೋಡಲಾರೆ, ಮನೆ ಮುಂದೆ ನಿಂತಿರುವುದನ್ನೂ ನೋಡಲಾರೆ. ಅದಕ್ಕೆ ಕೆಲಸವಿಲ್ಲದಿದ್ದರೂ ಗಾಡಿ ತೆಗೆದುಕೊಂಡು ಬೀಳಗಿಯವರೆಗೆ ಹೋಗಿ ಸುಮ್ಮನೆ ತಿರುಗಿ ಬರುತ್ತೇನೆ. ಆ ಟೈರುಗಳು ಬೇಗ ಮುಗಿಯಲಿ ಎಂದು ಕಲ್ಲಿನ ದಾರಿಯಲ್ಲೇ ಓಡಿಸುತ್ತೇನೆ. ಮನೆಗೆ ಬಂದು ಬಗ್ಗಿ ಕೈಯಾಡಿಸಿ ನೋಡುತ್ತೇನೆ. ಇನ್ನೂ ಸವೆದಿಲ್ಲ.