ಬೇಲಿಯ ಮೇಲಿನ ಕರಿ ಬ್ರೆಡ್ಡು

ನನ್ನ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಗಳು ಮೊನ್ನೆ ಕರಿ ಬ್ರೆಡ್ಡು ತಂದಳು. ಜೀರಿಗೆಯಂತೆ ಕಾಣುವ, ಜೀರಿಗೆಯಲ್ಲದ ಕಾಳು ಹಾಕಿದ್ದು. ಟೋಸ್ಟರಿನಿಂದ ಅದರ ವಾಸನೆ ಏಳುತ್ತಲೇ ಪಕ್ಕದ ಮನೆಯ ಯಜಮಾನರು ಬೇಲಿ ಹತ್ತಿರ ಬಂದು ನಿಂತಂತಾಯಿತು. ಸತ್ತು ಎಷ್ಟೋ ವರ್ಷವಾದವರು.

ನಮ್ಮವರು ತೀರಿಕೊಂಡ ಮೇಲೆ ನಾನು ಅಮೆರಿಕದ ಶುಗರ್ ಲ್ಯಾಂಡಿಗೆ, ಮಗಳ ಮನೆಗೆ ಬಂದಿದ್ದೆ. ಯಜಮಾನರೂ ಹೆಂಡತಿ ಸತ್ತು ಒಬ್ಬರೇ ಇದ್ದರು. ಬಾಕ್ಸಿಂಗ್ ಆಡಿದ ಮೈ. ಮೂಗು ಒಂದು ಕಡೆಗೆ ವಾಲಿತ್ತು, ಕಿವಿ ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಮುದುರಿತ್ತು. ಬಲು ಸಿಡುಕರು. ಎಲ್ಲೋ ನಾಯಿ ಬೊಗಳಿದರೆ ಮಾತ್ರ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ದಿನ ನನ್ನ ಮುಂಗೈಯ ಹಚ್ಚೆ ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಹೂ ಡಿಡ್ ದಿಸ್?"

"ಮೈ ಮದರ್," ಅಂದೆ. ಚಂದ ಕಾಣಲಿ ಅಂತ ಹಾಕಿಸಿದ್ದು ಎಂದು ಹೇಳುವಷ್ಟು ಇಂಗ್ಲಿಷ್ ನನಗೆಲ್ಲಿಂದ ಬರಬೇಕು? ಅವರು ತಮ್ಮ ಅಂಗಿಯ ತೋಳು ಮಡಚಿ ತೋರಿಸಿದರು. ಅಲ್ಲಿ ಹೂವು ಬಳ್ಳಿ ಇರಲಿಲ್ಲ. ಬರೀ ನಂಬರು.

ಸಂಜೆ ಮಗಳು ವಿಷಯ ಹೇಳಿದಳು. ಅವಳಿಗೆ ಅವರ ಹೆಂಡತಿ ಹೇಳಿದ್ದರಂತೆ. ನಾಜಿಗಳು ಯಹೂದಿಗಳನ್ನು ಕೈಗೆ ನಂಬರಿನ ಹಚ್ಚೆ ಹಾಕಿ, ಕೂಡಿಹಾಕಿ ಕೊಂದ ಶಿಬಿರದಿಂದ ಬದುಕಿ ಬಂದವರು. ಅಲ್ಲಿ ಅಧಿಕಾರಿಗಳ ಮೋಜಿಗೆ ಕೈದಿ ಕೈದಿಗಳೇ ಹೊಡೆದಾಡಬೇಕಿತ್ತು. ಗೆದ್ದವನಿಗೆ ಬ್ರೆಡ್ಡು. ಸೋತು ಮೇಲೇಳಲಾಗದವನನ್ನು ಕೊಲ್ಲಲು ಒಯ್ಯುತ್ತಿದ್ದರು. ಇವರು ಒಮ್ಮೆ ತಮ್ಮೂರಿನ ಗೆಳೆಯನನ್ನೇ ಕೆಡವಿದ್ದರು. ಬ್ರೆಡ್ಡು ತಿಂದಿದ್ದರು.

ಆ ವರ್ಷ ಪಿತೃಪಕ್ಷಕ್ಕೆ ನಮ್ಮವರಿಗೆ ಎಡೆ ಮಾಡಿ, ಹಿತ್ತಲಿನ ಗಿಡ್ಡ ಬೇಲಿಯ ಮೇಲೆ ಅನ್ನ, ವಡೆ ಇಟ್ಟು ಕಾಗೆ ಕರೆದೆ.

"ಅಮ್ಮಾ, ಫೆನ್ಸ್ ಮೇಲೆಲ್ಲಾ ಅನ್ನ ಇಡ್ಬೇಡ. ಅಸೋಸಿಯೇಷನ್‌ನೋರು ನೋಟಿಸ್ ಕಳಿಸ್ತಾರೆ."

"ನಿಮ್ಮಪ್ಪನ ಹೆಸರಿಗೆ ಕಳಿಸ್ಲಿ. ಬಂದು ಉತ್ತರ ಕೊಡ್ತಾರೆ."

ಯಜಮಾನರು ಆಚೆಯಿಂದ ಇದೇನೆಂದು ಕೇಳಿದರು. ಮಗಳ ಬಾಯಿಂದ ಹೇಳಿಸಿದೆ: ಸತ್ತವರಿಗೆ ಊಟ. ಕಾಗೆ ಮುಟ್ಟಿದರೆ ಅವರು ಒಪ್ಪಿಕೊಂಡರು ಅಂತ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ. ಅಷ್ಟರಲ್ಲಿ ಕಾಗೆಯ ತಮ್ಮನಂತಿರುವ ಇಲ್ಲಿನ ಕರಿ ಹಕ್ಕಿಯೊಂದು ವಡೆ ಕಚ್ಚಿಕೊಂಡು ಹಾರಿತು. ನಮ್ಮವರು ಬದುಕಿದ್ದಾಗಲೂ ಹಾಗೇ, ವಡೆ ಅಂದರೆ ಕಾಯುತ್ತಿರಲಿಲ್ಲ.

ಮಾರನೆಯ ದಿನ ಅದೇ ಜಾಗದಲ್ಲಿ ಕರಿ ಬ್ರೆಡ್ಡಿನ ತುಂಡು. ಎದುರಿಗೆ ಯಜಮಾನರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉರಿ ಬಿಸಿಲಲ್ಲಿ. ನೀರು ಕೊಟ್ಟರೆ ಮುಟ್ಟಲಿಲ್ಲ. ಹಕ್ಕಿಗಳು ತಂತಿಯ ಮೇಲೆ ಕೂತು ನೋಡಿದವು... ಮಧ್ಯಾಹ್ನ ದಾಟಿದ ಮೇಲೆ ಒಂದು ಇಳಿಯಿತು. ಕುಪ್ಪಳಿಸಿ ಹತ್ತಿರ ಬಂತು. ಕೊಕ್ಕು ಚಾಚಿತು.

ಅವರ ಎರಡೂ ಕೈ ಮುಷ್ಟಿಯಾಗಿ ಗಲ್ಲದ ಮಟ್ಟಕ್ಕೆ ಎದ್ದವು. ಹಕ್ಕಿಯನ್ನು ಓಡಿಸಿಬಿಟ್ಟರು.

"ನೋ. ನಾಟ್ ಸೋ ಈಸಿ," ಅಂದು ಬ್ರೆಡ್ಡು ಎತ್ತಿಕೊಂಡರು.

ನನಗೆ ಸಿಟ್ಟು ಬಂತು. ಕನ್ನಡದಲ್ಲೇ ಬೈದೆ: "ಇನ್ನೊಂದ್ಸಲಾನೂ ಆ ಗೆಳೆಯನ ಬ್ರೆಡ್ಡೇ ಕಿತ್ಕೊಂಡ್ರಲ್ರೀ!" ಅವರಿಗೆ ಅರ್ಥವಾಗಲಿಲ್ಲ. ಆಯಿತೋ ಏನೋ... ಬ್ರೆಡ್ಡು ಹಿಡಿದುಕೊಂಡು ಒಳಗೆ ಹೋದರು.

ಆಮೇಲೆ ಪ್ರತಿ ವರ್ಷ ಪಕ್ಷ ಯಾವಾಗ ಎಂದು ಮಗಳನ್ನು ಕೇಳುತ್ತಿದ್ದರು. ಇಡುತ್ತಿದ್ದರು. ಕಾಯುತ್ತಿದ್ದರು. ಹಕ್ಕಿ ಬಂದರೆ ಓಡಿಸುತ್ತಿದ್ದರು. ಹಾಗೇ ಸತ್ತರು. ಆ ಮನೆಗೆ ಈಗ ಬೇರೆ ಯಾರೋ ಬಂದಿದ್ದಾರೆ.

ನಿನ್ನೆ ಪಕ್ಷದ ಅಮಾವಾಸ್ಯೆ. ನಮ್ಮವರ ಎಡೆಯ ಪಕ್ಕದಲ್ಲಿ ಆ ಬ್ರೆಡ್ಡನ್ನೂ ಇಟ್ಟೆ. ಯಜಮಾನರಿಗೋ, ಅವರ ಗೆಳೆಯನಿಗೋ, ನನಗೂ ಗೊತ್ತಿಲ್ಲ. ಹಕ್ಕಿ ಬಂತು, ವಡೆಯನ್ನು ಬಿಟ್ಟು ಬ್ರೆಡ್ಡಿಗೆ ಬಾಯಿ ಹಾಕಿತು. ನಾನು ಅಭ್ಯಾಸದಂತೆ ಆಚೆ ಹಿತ್ತಲಿನ ಕಡೆ ನೋಡಿದೆ. ಓಡಿಸುವವರು ಯಾರೂ ಇರಲಿಲ್ಲ. ಹಕ್ಕಿ ಪೂರ್ತಿ ತಿಂದಿತು.